ಪೂರ್ವರಂಗದ ಗೆಲುವು: ಅಮೆರಿಕದ ಫುಟ್‌ಬಾಲ್ ಅಭಿಮಾನಿಗಳ ಆಗಸ್ಟ್ ತಿಂಗಳು



ಅಮೆರಿಕ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ರಾಜ್ಯದಲ್ಲಿ ಗ್ರೀನ್ ಬೇ ಎಂಬ ಒಂದು ಊರಿದೆ. ಮಿಷಿಗನ್ ಮಹಾಸರೋವರದ ಒಂದು ಕೊಲ್ಲಿಗೆ ಫಾಕ್ಸ್ ನದಿಯು ಬಂದು ಸೇರುವ ಎಡೆಯಲ್ಲಿ ಈ ಊರು ಬೆಳೆದಿದೆ. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಒಂದು ಲಕ್ಷದ ಏಳು ಸಾವಿರ ಚಿಲ್ಲರೆ. ಹಾಲು, ಗಿಣ್ಣುಗಳಿಗೆ ಹೆಸರಾದ ಸೀಮೆ. ಪ್ರತಿವರ್ಷವೂ ಜುಲೈ ತಿಂಗಳ ಕೊನೆಗೆ ಈ ಊರಿನಲ್ಲಿ ಒಂದು ವಿನೋದದ ದೃಶ್ಯವನ್ನು ಕಾಣಬಹುದು. ನೂರು ಕಿಲೋಗ್ರಾಮಿಗೂ ಮೀರಿ ತೂಗುವ ಭೀಮಕಾಯದ ಆಟಗಾರರು ಕ್ರೀಡಾಂಗಣದ ಬಾಗಿಲಿಂದ ಹೊರಬರುತ್ತಾರೆ. ಹೊರಗೆ ಊರಿನ ಮಕ್ಕಳು ತಮ್ಮ ತಮ್ಮ ಪುಟ್ಟ ಸೈಕಲುಗಳನ್ನು ಹಿಡಿದು ಸಾಲಾಗಿ ನಿಂತಿರುತ್ತಾರೆ. ಪ್ರತಿಯೊಬ್ಬ ಆಟಗಾರನೂ ಒಂದು ಮಗುವಿನ ಸೈಕಲನ್ನು ಪಡೆದು, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮಡಚಿಕೊಂಡು ಕುಳಿತು, ರಸ್ತೆಯಾಚೆಯ ಅಭ್ಯಾಸದ ಮೈದಾನಕ್ಕೆ ತುಳಿದುಕೊಂಡು ಹೋಗುತ್ತಾನೆ. ಸೈಕಲಿನ ಒಡೆಯನಾದ ಮಗು ಆಟಗಾರನ ಶಿರಸ್ತ್ರಾಣವನ್ನು ಎದೆಗವುಚಿಕೊಂಡು ಪಕ್ಕದಲ್ಲಿ ಓಡುತ್ತದೆ. ವಿನ್ಸ್ ಲೊಂಬಾರ್ಡಿ ಎಂಬ ಪ್ರಸಿದ್ಧ ತರಬೇತುದಾರನ ಕಾಲದಿಂದಲೂ ನಡೆದುಬಂದ ಪದ್ಧತಿ ಇದು.

ಸೈಕಲುಗಳು ಹೊರಟವೆಂದರೆ ಊರಿನಲ್ಲಿ ಒಂದೇ ಮಾತು: "ಈ ವರ್ಷ ನಮ್ಮ ತಂಡ ಹೇಗೆ?" ಅಂಗಡಿಯಲ್ಲಿ, ಚರ್ಚಿನ ಅಂಗಳದಲ್ಲಿ, ಕಚೇರಿಯಲ್ಲಿ, ಊಟದ ಮೇಜಿನಲ್ಲಿ ಇದೇ ಚರ್ಚೆ. ನಿಜವಾದ ಪಂದ್ಯಗಳು ಆರಂಭವಾಗುವುದು ಸೆಪ್ಟೆಂಬರದಲ್ಲಿ. ಅದಕ್ಕೆ ಮುಂಚೆ ಆಗಸ್ಟಿನಲ್ಲಿ ಕೆಲವು ಪೂರ್ವಸಿದ್ಧತಾ ಪಂದ್ಯಗಳು ನಡೆಯುತ್ತವೆ. ಅವುಗಳನ್ನು ನೋಡಿ ಅಭಿಮಾನಿಗಳು ವರ್ಷದ ಭವಿಷ್ಯವನ್ನು ಹೇಳಲು ತೊಡಗುತ್ತಾರೆ. ಆ ಭವಿಷ್ಯ ಎಷ್ಟರ ಮಟ್ಟಿಗೆ ನಿಜವಾಗುತ್ತದೆ, ಯಾಕೆ ಸುಳ್ಳಾಗುತ್ತದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ವಿಷಯ ದೂರದೇಶದ್ದಾದರೂ ಪರೀಕ್ಷೆ ಬರೆಯುವ ನಿಮಗೂ, ಅಂಕಪಟ್ಟಿಗೆ ಸಹಿ ಹಾಕುವ ನಿಮ್ಮ ಹೆತ್ತವರಿಗೂ ಇದರಲ್ಲಿ ಉಪಯೋಗವಿದೆ ಎಂದು ನನ್ನ ನಂಬಿಕೆ.

ಆಟದ ಪರಿಚಯ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟ ನಾವು ಗದ್ದೆಗಳಲ್ಲಿ ಆಡುವ ಕಾಲ್ಚೆಂಡಾಟವಲ್ಲ. ಅವರ ಚೆಂಡು ದುಂಡಗಿರದೆ ಎರಡು ತುದಿಗಳಲ್ಲಿ ಚೂಪಾಗಿರುತ್ತದೆ. ಅದನ್ನು ಕಾಲಿನಿಂದ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚು. ಮೈದಾನದ ಉದ್ದ 100 ಗಜ. ಎರಡು ತುದಿಗಳಲ್ಲಿಯೂ ಹತ್ತು ಹತ್ತು ಗಜದ ಅಂತಿಮ ಪಟ್ಟಿಗಳಿವೆ. ಪ್ರತಿ ಪಕ್ಷದಲ್ಲಿ ಹನ್ನೊಂದು ಮಂದಿ. ಚೆಂಡು ಇರುವ ಪಕ್ಷಕ್ಕೆ ನಾಲ್ಕು ಅವಕಾಶಗಳು. ಆ ನಾಲ್ಕರೊಳಗೆ ಕನಿಷ್ಠ ಹತ್ತು ಗಜ ಮುಂದುವರಿದರೆ ಮತ್ತೆ ನಾಲ್ಕು ಅವಕಾಶ; ಇಲ್ಲವಾದರೆ ಚೆಂಡು ಎದುರಾಳಿಗೆ. ಹೀಗೆ ಮುಂದುವರಿಯುತ್ತಾ ಚೆಂಡನ್ನು ಎದುರಾಳಿಯ ಅಂತಿಮ ಪಟ್ಟಿಯೊಳಗೆ ಕೊಂಡೊಯ್ದರೆ 6 ಅಂಕ. ಇದಕ್ಕೆ ಟಚ್‌ಡೌನ್ ಎಂದು ಹೆಸರು. ಕಂಬಗಳ ನಡುವೆ ಚೆಂಡನ್ನು ಒದ್ದು ಹಾಯಿಸಿದರೆ 3 ಅಂಕ.

ಈ ಆಟದಲ್ಲಿ ಕಬಡ್ಡಿಯ ಹಿಡಿತವೂ ಇದೆ, ಚದುರಂಗದ ಯೋಚನೆಯೂ ಇದೆ. ಪ್ರತಿಯೊಂದು ನಡೆಯೂ ಮೊದಲೇ ಕಾಗದದ ಮೇಲೆ ಬರೆದು ಅಭ್ಯಾಸ ಮಾಡಿದ ವ್ಯೂಹ. ಆ ವ್ಯೂಹವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎಸೆಯಬೇಕೋ, ಇನ್ನೊಬ್ಬನ ಕೈಗಿಡಬೇಕೋ ಎಂಬುದನ್ನು ಅವನು ಎರಡು ಮೂರು ಕ್ಷಣಗಳಲ್ಲಿ ನಿರ್ಧರಿಸಬೇಕು. ಅವನನ್ನು ಎದುರಾಳಿಗಳಿಂದ ಕಾಪಾಡಲು ಮುಂದೆ ಐದು ಮಂದಿ ಗೋಡೆಯಂತೆ ನಿಲ್ಲುತ್ತಾರೆ. ಗೋಡೆ ಬಿದ್ದರೆ ಎಂತಹ ಕ್ವಾರ್ಟರ್‌ಬ್ಯಾಕ್ ಆದರೂ ನೆಲಕಚ್ಚುವುದು ಖಂಡಿತ.

ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬುದು ಈ ಆಟದ ವೃತ್ತಿಪರ ತಂಡಗಳ ಒಕ್ಕೂಟ. 1920ರಲ್ಲಿ ಬೇರೊಂದು ಹೆಸರಿನಿಂದ ಆರಂಭವಾದ ಈ ಒಕ್ಕೂಟಕ್ಕೆ 1922ರಲ್ಲಿ ಈಗಿನ ಹೆಸರು ಬಂತು. ಇದರಲ್ಲಿ 32 ತಂಡಗಳಿವೆ. ನಾಲ್ಕು ನಾಲ್ಕು ತಂಡಗಳ ಎಂಟು ಗುಂಪುಗಳು. 2021ರಿಂದ ಪ್ರತಿ ತಂಡವೂ ಋತುವಿನಲ್ಲಿ 17 ಪಂದ್ಯಗಳನ್ನು ಆಡುತ್ತದೆ. ಅವುಗಳಲ್ಲಿ ಆರು ತನ್ನ ಗುಂಪಿನ ಮೂರು ತಂಡಗಳ ಮೇಲೆಯೇ. ಉತ್ತಮ ಸಾಧನೆಯ 14 ತಂಡಗಳು ಅಂತಿಮ ಸುತ್ತುಗಳಿಗೆ ಹೋಗುತ್ತವೆ. ಫೆಬ್ರವರಿಯಲ್ಲಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ನಡೆದು ವರ್ಷದ ವಿಜೇತರು ಯಾರೆಂದು ತಿಳಿಯುತ್ತದೆ.

ಊರೇ ಒಡೆಯನಾದ ತಂಡ

ಗ್ರೀನ್ ಬೇ ಊರಿನ ತಂಡದ ಹೆಸರು ಪ್ಯಾಕರ್ಸ್. 1919ರ ಆಗಸ್ಟಿನಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣನೂ ಜಾರ್ಜ್ ಕ್ಯಾಲ್ಹೂನ್ ಎಂಬ ಪತ್ರಕರ್ತನೂ ಸೇರಿ ಇದನ್ನು ಕಟ್ಟಿದರು. ಲ್ಯಾಂಬೋ ಕೆಲಸ ಮಾಡುತ್ತಿದ್ದ ಕಂಪನಿಯು ಮಾಂಸವನ್ನು ಡಬ್ಬಿಗಳಲ್ಲಿ ತುಂಬಿ ಮಾರುತ್ತಿತ್ತು. ಸಮವಸ್ತ್ರಕ್ಕೆಂದು ಅದು 500 ಡಾಲರ್ ಕೊಟ್ಟಿತು. ಡಬ್ಬಿ ತುಂಬುವವರ ಹಣದಿಂದ ಅಂಗಿ ತೊಟ್ಟ ಕಾರಣ ತಂಡಕ್ಕೆ 'ತುಂಬುವವರು' ಎಂಬರ್ಥದ ಪ್ಯಾಕರ್ಸ್ ಎಂಬ ಹೆಸರು ನಿಂತಿತು.

ಉಳಿದ ತಂಡಗಳಿಗೆ ಕೋಟ್ಯಧೀಶರು ಒಡೆಯರು. ಈ ತಂಡಕ್ಕೆ ಊರ ಜನರೇ ಒಡೆಯರು. 1923ರಲ್ಲಿ ತಂಡವು ಹಣವಿಲ್ಲದೆ ಮುಳುಗುವ ಸ್ಥಿತಿಗೆ ಬಂದಾಗ ಊರವರು ಪಾಲುಬಂಡವಾಳ ಕೂಡಿಸಿ ಉಳಿಸಿಕೊಂಡರು. ಆ ಬಳಿಕ 1935, 1950, 1997, 2011, 2021ರಲ್ಲಿ ಮತ್ತೆ ಪಾಲುಗಳ ಮಾರಾಟ ಆರಂಭವಾಯಿತು. ಕೊನೆಯ ಸಲ ಒಂದು ಪಾಲಿನ ಬೆಲೆ 300 ಡಾಲರ್. ಈಗ ಐದು ಲಕ್ಷಕ್ಕೂ ಹೆಚ್ಚು ಮಂದಿ ಪಾಲುದಾರರಿದ್ದಾರೆ. ಈ ಪಾಲಿಗೆ ಲಾಭಾಂಶವಿಲ್ಲ. ಲಾಭಕ್ಕೆ ಮಾರುವಂತೆಯೂ ಇಲ್ಲ. ನಮ್ಮ ಊರುಗಳಲ್ಲಿ ಶಾಲೆಗೋ ವಾಚನಾಲಯಕ್ಕೋ ಜನರು ವಂತಿಗೆ ಕೊಟ್ಟು ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳುವಂತೆ ಅವರು ಆ ಪಾಲುಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುತ್ತಾರೆ.

ಪಾಲುದಾರರ ವಾರ್ಷಿಕ ಸಭೆಯು ಬೇಸಿಗೆಯಲ್ಲಿ ಲ್ಯಾಂಬೋ ಫೀಲ್ಡ್ ಎಂಬ ಕ್ರೀಡಾಂಗಣದಲ್ಲಿಯೇ ನಡೆಯುತ್ತದೆ. ಎಂಬತ್ತೊಂದು ಸಾವಿರಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದಾದ ಕ್ರೀಡಾಂಗಣವದು. ಊರಿನ ಪ್ರತಿ ನಾಲ್ವರಲ್ಲಿ ಮೂವರು ಅದರಲ್ಲಿ ಹಿಡಿಯುತ್ತಾರೆ! ಸಾವಿರಾರು ಮಂದಿ ಪಾಲುದಾರರು ಬಂದು ಆಯವ್ಯಯದ ವರದಿಯನ್ನು ಕೇಳುತ್ತಾರೆ. ಹೊಸ ಹುಡುಗರ ವಿಚಾರ ತಿಳಿದುಕೊಳ್ಳುತ್ತಾರೆ. ಹೊರಬಂದ ಮೇಲೆ ಚರ್ಚೆ ಬಿಸಿಯೇರುತ್ತದೆ. ತಂಡದ ಸೋಲು ಗೆಲುವು ಅವರಿಗೆ ಬರಿಯ ಪತ್ರಿಕೆಯ ಸುದ್ದಿಯಲ್ಲ, ಮನೆಯ ವಿಚಾರ.

ಪೂರ್ವರಂಗ

ಪೂರ್ವಸಿದ್ಧತಾ ಪಂದ್ಯಗಳು ಎಂದರೇನು? ಯಕ್ಷಗಾನವನ್ನು ನೋಡಿದ ನಿಮಗೆ ಇದನ್ನು ತಿಳಿಸುವುದು ಸುಲಭ. ಹಿಂದೆ ಇಡೀ ರಾತ್ರಿಯ ಆಟಗಳಲ್ಲಿ ಪ್ರಸಂಗ ಆರಂಭವಾಗುವ ಮೊದಲು ಪೂರ್ವರಂಗ ನಡೆಯುತ್ತಿತ್ತು. ಕೋಡಂಗಿ, ಬಾಲಗೋಪಾಲ ಮೊದಲಾದ ವೇಷಗಳಲ್ಲಿ ಕಲಿಯುವ ಹುಡುಗರು ರಂಗಕ್ಕೆ ಬಂದು ಹೆಜ್ಜೆ ಹಾಕುತ್ತಿದ್ದರು. ಹಿರಿಯ ಕಲಾವಿದರು ಆ ಹೊತ್ತಿಗೆ ಚೌಕಿಯಲ್ಲಿ ಬಣ್ಣ ಬರೆಯುತ್ತಲೋ ವಿಶ್ರಮಿಸುತ್ತಲೋ ಇರುತ್ತಿದ್ದರು. ಪೂರ್ವರಂಗವನ್ನು ನೋಡಿ ಇಂದಿನ ಕರ್ಣಪರ್ವ ಹೇಗಾದೀತೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಯಾವ ಹುಡುಗನ ಹೆಜ್ಜೆಯಲ್ಲಿ ಮುಂದೆ ಬರುವ ಲಕ್ಷಣವಿದೆಯೆಂದು ಬಲ್ಲವರು ಅಲ್ಲಿಯೇ ಗುರುತಿಸುತ್ತಿದ್ದರು.

ಆಗಸ್ಟಿನ ಪಂದ್ಯಗಳೂ ಹೀಗೆಯೇ. 2020ರ ವರೆಗಿನ ನಿಯಮದಂತೆ ಸಾಮಾನ್ಯವಾಗಿ ಪ್ರತಿ ತಂಡಕ್ಕೆ ನಾಲ್ಕು ಪಂದ್ಯಗಳಿದ್ದುವು, ಈಗ ಮೂರು. ಇವುಗಳ ಫಲಿತಾಂಶ ಋತುವಿನ ಲೆಕ್ಕಕ್ಕೆ ಸೇರುವುದಿಲ್ಲ. ತರಬೇತಿ ಶಿಬಿರದಲ್ಲಿ ಒಂದು ತಂಡಕ್ಕೆ 90 ಮಂದಿಯ ವರೆಗೆ ಇರಬಹುದು. ಋತು ಆರಂಭವಾಗುವ ಮೊದಲು ಅವರಲ್ಲಿ 53 ಮಂದಿಯನ್ನು ಮಾತ್ರ ಉಳಿಸಿಕೊಳ್ಳಬೇಕು. ಅಂದರೆ ಪ್ರತಿ ತಂಡದಿಂದ 37 ಮಂದಿ, ಎಲ್ಲ ತಂಡಗಳಿಂದ ಒಟ್ಟು ಸಾವಿರಕ್ಕೂ ಮಿಕ್ಕಿದ ತರುಣರು, ಆಗಸ್ಟ್ ಮುಗಿಯುವಾಗ ಪಟ್ಟಿಯಿಂದ ಹೊರಗೆ. ಕೆಲವರಿಗೆ ಅಭ್ಯಾಸದ ತಂಡದಲ್ಲಿ ಸ್ಥಳ ಸಿಗುತ್ತದೆ. ಉಳಿದವರು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗುತ್ತಾರೆ. ತರಬೇತುದಾರರ ಕಡೆಯ ಒಬ್ಬನು ಬಂದು, "ನಿನ್ನನ್ನು ಕರೆಯುತ್ತಿದ್ದಾರೆ, ವ್ಯೂಹದ ಪುಸ್ತಕವನ್ನೂ ತೆಗೆದುಕೊಂಡು ಬಾ" ಎಂದರೆ ಸಾಕು, ಅದರ ಅರ್ಥ ಎಲ್ಲರಿಗೂ ಗೊತ್ತು. ಹೀಗೆ ನೋಡುವವರಿಗೆ ಲೆಕ್ಕಕ್ಕಿಲ್ಲದ ಆ ಪಂದ್ಯಗಳು ಆಡುವ ಹಲವರಿಗೆ ಬದುಕಿನ ಪರೀಕ್ಷೆಯೇ ಆಗಿರುತ್ತವೆ.

ಎರಡು ಊರು, ಒಂದು ಆಗಸ್ಟ್

ಪೂರ್ವಸಿದ್ಧತೆಯನ್ನು ನೋಡಿ ಭವಿಷ್ಯ ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ 2008ನೆಯ ವರ್ಷವೇ ಸಾಕ್ಷಿ. ಆ ವರ್ಷ ಒಂದೇ ಗುಂಪಿಗೆ ಸೇರಿದ ಎರಡು ಊರುಗಳಲ್ಲಿ ಎರಡು ಬಗೆಯ ಚರ್ಚೆ ನಡೆಯುತ್ತಿತ್ತು.

ಮೊದಲನೆಯದು ಗ್ರೀನ್ ಬೇ. ಅಲ್ಲಿ ಬ್ರೆಟ್ ಫಾರ್ವ್ ಎಂಬ ಕ್ವಾರ್ಟರ್‌ಬ್ಯಾಕ್ 1992ರಿಂದ ಒಂದು ಪಂದ್ಯವನ್ನೂ ತಪ್ಪಿಸದೆ ತಂಡವನ್ನು ನಡೆಸಿದ್ದನು. ಊರಿಗೆ ಅವನೆಂದರೆ ಪ್ರಾಣ. 2008ರ ಮಾರ್ಚಿಯಲ್ಲಿ ಅವನು ಕಣ್ಣೀರಿಡುತ್ತಾ ನಿವೃತ್ತಿ ಘೋಷಿಸಿದನು. ಬೇಸಿಗೆಯಲ್ಲಿ ಮನಸ್ಸು ಬದಲಾಯಿಸಿ ಮತ್ತೆ ಆಡುತ್ತೇನೆಂದನು. ಅಷ್ಟರಲ್ಲಿ ತಂಡದವರು ಆರನ್ ರಾಜರ್ಸ್ ಎಂಬ ಯುವಕನಿಗೆ ಆ ಸ್ಥಾನವನ್ನು ಕೊಟ್ಟಾಗಿತ್ತು. ಅವನು 2005ರಲ್ಲಿ ತಂಡಕ್ಕೆ ಸೇರಿ ಮೂರು ವರ್ಷ ಹಿರಿಯನ ಹಿಂದೆ ಕಾದಿದ್ದ ಹುಡುಗ. ಊರು ಎರಡು ಪಕ್ಷವಾಯಿತು. ಅಭ್ಯಾಸದ ಮೈದಾನದಲ್ಲಿ ರಾಜರ್ಸನನ್ನು ಕಂಡು ಕೂಗಾಡಿದವರೂ ಉಂಟು. ಕೊನೆಗೆ ಆಗಸ್ಟಿನಲ್ಲಿ ಫಾರ್ವನನ್ನು ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಕಳುಹಿಸಿದರು. ಊರಿನ ಹಲವರಿಗೆ ಮನೆಯ ಹಿರಿಯನನ್ನು ಹೊರಗಟ್ಟಿದಷ್ಟು ದುಃಖವಾಯಿತು.

ಎರಡನೆಯದು ಡೆಟ್ರಾಯಿಟ್. ಮೋಟಾರು ಕಾರುಗಳ ಕಾರ್ಖಾನೆಗಳಿಗೆ ಜಗತ್ಪ್ರಸಿದ್ಧವಾದ ನಗರ. ಅಲ್ಲಿನ ತಂಡ ಲಯನ್ಸ್. ಬಹುಕಾಲದಿಂದ ಸೋಲುಗಳನ್ನೇ ಕಂಡಿದ್ದ ಈ ತಂಡವು 2007ರಲ್ಲಿ ಮೊದಲ ಎಂಟು ಪಂದ್ಯಗಳಲ್ಲಿ ಆರನ್ನು ಗೆದ್ದು ಆಸೆ ಹುಟ್ಟಿಸಿ, ಉಳಿದ ಎಂಟರಲ್ಲಿ ಏಳನ್ನು ಸೋತಿತ್ತು. 2008ರ ಆಗಸ್ಟ್ ಬಂತು. ಪೂರ್ವಸಿದ್ಧತೆಯ ನಾಲ್ಕು ಪಂದ್ಯಗಳು, ನಾಲ್ಕರಲ್ಲಿಯೂ ಗೆಲುವು! ಮೊದಲನೆಯ ಪಂದ್ಯದಲ್ಲಿ ಸೋತವರು ಹಿಂದಿನ ಋತುವಿನ ಸೂಪರ್ ಬೌಲ್ ವಿಜೇತರಾದ ನ್ಯೂಯಾರ್ಕ್ ಜಯಂಟ್ಸ್. ನಾಲ್ಕು ಪಂದ್ಯಗಳಲ್ಲಿ ಲಯನ್ಸ್ ಗಳಿಸಿದ್ದು 80 ಅಂಕ, ಎದುರಾಳಿಗಳಿಗೆ ಕೊಟ್ಟದ್ದು 32. ಈ ಲೆಕ್ಕವನ್ನು ನೋಡಿದ ಅಭಿಮಾನಿಗೆ ಈ ವರ್ಷವಾದರೂ ನಮ್ಮ ದೆಸೆ ತಿರುಗೀತೆಂದು ಅನಿಸಿದರೆ ತಪ್ಪೇನು? ಅದು ಕಾರಿನ ವ್ಯಾಪಾರ ಕುಸಿದು ಕಾರ್ಖಾನೆಗಳು ಕೆಲಸಗಾರರನ್ನು ಕಡಿಮೆ ಮಾಡುತ್ತಿದ್ದ ಕಾಲ. ಅಂತಹ ಊರಿಗೆ ಆದಿತ್ಯವಾರದ ಒಂದು ಗೆಲುವು ದೊಡ್ಡ ಸಾಂತ್ವನ.

ಸೆಪ್ಟೆಂಬರದಲ್ಲಿ ನಿಜವಾದ ಋತು ಆರಂಭವಾಯಿತು. ಮೊದಲ ಪಂದ್ಯ ಅಟ್ಲಾಂಟಾದಲ್ಲಿ. ಆ ತಂಡದ ಹೊಸ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್ ತನ್ನ ವೃತ್ತಿಜೀವನದ ಮೊದಲ ಎಸೆತದಲ್ಲಿಯೇ 62 ಗಜದ ಟಚ್‌ಡೌನ್ ಗಳಿಸಿಕೊಟ್ಟನು. ಲಯನ್ಸ್ 21ಕ್ಕೆ 34ರಿಂದ ಸೋತರು. ಎರಡನೆಯ ವಾರ ಸೋಲು, ಮೂರನೆಯ ವಾರ ಸೋಲು. ಅಕ್ಟೋಬರ್ ಸೋಲು, ನವೆಂಬರ್ ಸೋಲು. ಡಿಸೆಂಬರ್ 28ರಂದು ಕೊನೆಯ ಪಂದ್ಯ ಗ್ರೀನ್ ಬೇ ಊರಿನ ಲ್ಯಾಂಬೋ ಫೀಲ್ಡಿನಲ್ಲಿ. ಅಲ್ಲಿಯೂ ರಾಜರ್ಸನ ತಂಡ 31ಕ್ಕೆ 21ರಿಂದ ಗೆದ್ದಿತು. ಹದಿನಾರು ಪಂದ್ಯಗಳಲ್ಲಿ ಹದಿನಾರನ್ನೂ ಸೋತ ಮೊತ್ತಮೊದಲ ತಂಡವೆಂದು ಡೆಟ್ರಾಯಿಟಿನ ಹೆಸರು ದಾಖಲಾಯಿತು. ಆಗಸ್ಟಿನಲ್ಲಿ ನಾಲ್ಕು ಪಂದ್ಯಗಳಿಗೆ 32 ಅಂಕ ಮಾತ್ರ ಬಿಟ್ಟುಕೊಟ್ಟ ತಂಡವು ಋತುವಿನ ಹದಿನಾರು ಪಂದ್ಯಗಳಲ್ಲಿ 517 ಅಂಕಗಳನ್ನು ಬಿಟ್ಟುಕೊಟ್ಟಿತ್ತು.

ಇದು ಒಂದು ಆಕಸ್ಮಿಕವೆನ್ನೋಣವೇ? 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಪೂರ್ವಸಿದ್ಧತೆಯ ನಾಲ್ಕನ್ನೂ ಗೆದ್ದು, ಋತುವಿನ ಹದಿನಾರನ್ನೂ ಸೋತಿತು. ಇದಕ್ಕೆ ವಿರುದ್ಧವಾಗಿ 2005ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಪೂರ್ವಸಿದ್ಧತೆಯ ಐದು ಪಂದ್ಯಗಳನ್ನೂ ಸೋತು, ಋತುವಿನ ಮೊದಲ ಹದಿಮೂರನ್ನು ಒಂದೇ ಸಮನೆ ಗೆದ್ದಿತು.

ಇನ್ನು ಗ್ರೀನ್ ಬೇ ಜನರ ಜಗಳ ಏನಾಯಿತು? 2008ರಲ್ಲಿ ರಾಜರ್ಸನ ತಂಡ ಆರು ಗೆದ್ದು ಹತ್ತು ಸೋತಿತು. "ನಾವು ಹೇಳಲಿಲ್ಲವೇ" ಎಂದು ಒಂದು ಪಕ್ಷದವರು ಆಡಿಕೊಂಡಿರಬೇಕು. ಆದರೆ 2010ರ ಋತುವಿನಲ್ಲಿ ಅದೇ ರಾಜರ್ಸ್ ತಂಡವನ್ನು ಸೂಪರ್ ಬೌಲಿಗೆ ಕೊಂಡೊಯ್ದನು. 2011ರ ಫೆಬ್ರವರಿ 6ರಂದು ಪಿಟ್ಸ್‌ಬರ್ಗ್ ತಂಡವನ್ನು 31ಕ್ಕೆ 25ರಿಂದ ಸೋಲಿಸಿ, ಆ ಪಂದ್ಯದ ಅತ್ಯುತ್ತಮ ಆಟಗಾರನೆನಿಸಿದನು. ಒಂದು ಬೇಸಿಗೆಯಲ್ಲಿ ಬೇಡವೆನಿಸಿದವನು ಮೂರನೆಯ ಚಳಿಗಾಲದಲ್ಲಿ ಊರಿನ ಕಣ್ಮಣಿಯಾದನು. ಕಾಲಚಕ್ರ ಹೇಗೆ ತಿರುಗುತ್ತದೆ ನೋಡಿ: 2023ರಲ್ಲಿ ರಾಜರ್ಸನನ್ನೂ ಅದೇ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಕಳುಹಿಸಿದರು. ಅವನ ಹಿಂದೆ ಮೂರು ವರ್ಷ ಕಾದ ಜೋರ್ಡನ್ ಲವ್ ಎಂಬವನು ಆ ಸ್ಥಾನಕ್ಕೆ ಬಂದು, ಮೊದಲ ವರ್ಷವೇ ತಂಡವನ್ನು ಅಂತಿಮ ಸುತ್ತುಗಳಿಗೆ ಮುಟ್ಟಿಸಿದನು.

ಲೆಕ್ಕ ಯಾಕೆ ತಪ್ಪುತ್ತದೆ?

ಇದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ.

ಮೊದಲನೆಯದಾಗಿ, ಆಗಸ್ಟಿನಲ್ಲಿ ಆಡುವವರೇ ಬೇರೆ. ಕಠಿನವಾದ ಆಟವಾದುದರಿಂದ ಗಾಯಗಳಾಗುವ ಭಯ ಹೆಚ್ಚು. ಮುಖ್ಯ ಆಟಗಾರರನ್ನು ತರಬೇತುದಾರರು ಸ್ವಲ್ಪ ಹೊತ್ತು ಆಡಿಸಿ ಕುಳ್ಳಿರಿಸುತ್ತಾರೆ, ಕೆಲವೊಮ್ಮೆ ಇಳಿಸುವುದೇ ಇಲ್ಲ. ಕೊನೆಯ ಘಟ್ಟದಲ್ಲಿ ಗೆಲುವನ್ನು ನಿರ್ಧರಿಸುವವರು ಮರುವಾರ ಪಟ್ಟಿಯಲ್ಲಿ ಇರುತ್ತಾರೋ ಇಲ್ಲವೋ ಎಂಬ ಹುಡುಗರು.

ಎರಡನೆಯದಾಗಿ, ಯಾರೂ ತಮ್ಮ ಒಳ್ಳೆಯ ವ್ಯೂಹಗಳನ್ನು ತೋರಿಸುವುದಿಲ್ಲ. ಎದುರಾಳಿಗಳು ಚಲಚ್ಚಿತ್ರ ತೆಗೆದು ಅಭ್ಯಾಸ ಮಾಡುತ್ತಾರೆಂದು ಎಲ್ಲರಿಗೂ ಗೊತ್ತು. ಆದುದರಿಂದ ಸರಳವಾದ ನಡೆಗಳನ್ನಷ್ಟೇ ಆಡುತ್ತಾರೆ.

ಮೂರನೆಯದಾಗಿ, ಉದ್ದೇಶ ಬೇರೆ. ಒಬ್ಬ ತರಬೇತುದಾರನಿಗೆ ಹೊಸ ಹುಡುಗನು ಒತ್ತಡದಲ್ಲಿ ಹೇಗೆ ಆಡುತ್ತಾನೆಂದು ನೋಡಬೇಕು, ಸೋತರೂ ಚಿಂತೆಯಿಲ್ಲ. ಇನ್ನೊಬ್ಬನಿಗೆ ತಂಡಕ್ಕೆ ಧೈರ್ಯ ಬರಲು ಗೆಲುವು ಬೇಕು. ಇಬ್ಬರೂ ಒಂದೇ ಮೈದಾನದಲ್ಲಿ ಎರಡು ಬೇರೆ ಆಟಗಳನ್ನು ಆಡುತ್ತಿರುತ್ತಾರೆ.

ನಾಲ್ಕನೆಯದಾಗಿ, ಮೂರು ನಾಲ್ಕು ಪಂದ್ಯಗಳು ತೀರ ಕಡಿಮೆ. ನಾಣ್ಯವನ್ನು ನಾಲ್ಕು ಸಲ ಚಿಮ್ಮಿದರೆ ನಾಲ್ಕು ಸಲವೂ ತಲೆಯೇ ಬೀಳುವ ಸಂಭವ ಹದಿನಾರರಲ್ಲಿ ಒಂದು. 32 ತಂಡಗಳು ನಾಲ್ಕು ನಾಲ್ಕು ಪಂದ್ಯಗಳನ್ನು ಆಡಿದರೆ ಕೇವಲ ಅದೃಷ್ಟದಿಂದಲೇ ಸುಮಾರು ಎರಡು ತಂಡಗಳಿಗೆ ನಾಲ್ಕೂ ಗೆಲುವು ಒದಗಬಹುದು. ಗಣಿತದ ತರಗತಿಯಲ್ಲಿ ಸಂಭವನೀಯತೆಯ ಪಾಠ ಓದಿದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಆದರೆ ಒಂದು ಎಚ್ಚರಿಕೆ. ಪೂರ್ವಸಿದ್ಧತೆಯಲ್ಲಿ ಗೆಲ್ಲುವುದು ಅಪಶಕುನವೆಂದು ತಿಳಿಯಬಾರದು. ಗೆದ್ದು ಮುಂದೆಯೂ ಗೆದ್ದವರಿದ್ದಾರೆ, ಸೋತು ಮುಂದೆಯೂ ಸೋತವರಿದ್ದಾರೆ. ಆ ಅಂಕಗಳಿಂದ ಹೆಚ್ಚು ತಿಳಿಯುವುದಿಲ್ಲ ಎಂಬುದಷ್ಟೇ ಸತ್ಯ.

ಅಂಗಡಿಯಲ್ಲಿ ಕೆಲಸ ಮಾಡಿದ ವೀರ

ಹಾಗಾದರೆ ಆಗಸ್ಟಿನಿಂದ ತಿಳಿಯುವುದು ಏನೂ ಇಲ್ಲವೇ? ಇದೆ. ಅದಕ್ಕೆ ಕರ್ಟ್ ವಾರ್ನರನ ಕತೆ ಉತ್ತಮ ನಿದರ್ಶನ.

ವಾರ್ನರ್ ಅಯೋವ ರಾಜ್ಯದವನು. ಕಾಲೇಜು ಮುಗಿಸಿದಾಗ ಯಾವ ತಂಡವೂ ಅವನನ್ನು ಆರಿಸಲಿಲ್ಲ. 1994ರಲ್ಲಿ ಗ್ರೀನ್ ಬೇ ತಂಡದವರೇ ಶಿಬಿರಕ್ಕೆ ಕರೆದು, ಋತು ಆರಂಭವಾಗುವ ಮೊದಲೇ ಕಳುಹಿಸಿಬಿಟ್ಟರು. ಊರಿಗೆ ಮರಳಿ ಒಂದು ದೊಡ್ಡ ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವ ಕೆಲಸ ಮಾಡಿದನು. ಅನಂತರ ಒಳಾಂಗಣದಲ್ಲಿ ಆಡುವ ಸಣ್ಣ ಫುಟ್‌ಬಾಲಿನಲ್ಲಿಯೂ, ಯುರೋಪಿನಲ್ಲಿ ಆಮ್‌ಸ್ಟರ್‌ಡಾಂ ತಂಡದಲ್ಲಿಯೂ ಆಡಿ, ಕೊನೆಗೆ ಸೇಂಟ್ ಲೂಯಿಸ್ ರಾಮ್ಸ್ ತಂಡದಲ್ಲಿ ಹಿಂದಿನ ಸಾಲಿನ ಆಟಗಾರನಾದನು. ಆ ತಂಡ 1998ರಲ್ಲಿ ನಾಲ್ಕು ಪಂದ್ಯಗಳನ್ನು ಮಾತ್ರ ಗೆದ್ದಿತ್ತು.

1999ರ ಆಗಸ್ಟ್. ರಾಮ್ಸ್ ತಂಡದವರು ಟ್ರೆಂಟ್ ಗ್ರೀನ್ ಎಂಬ ಹೊಸ ಕ್ವಾರ್ಟರ್‌ಬ್ಯಾಕನ್ನು ಕರೆತಂದಿದ್ದರು. ಊರಿನ ಆಸೆಯೆಲ್ಲ ಅವನ ಮೇಲೆ. ಒಂದು ಪೂರ್ವಸಿದ್ಧತಾ ಪಂದ್ಯದಲ್ಲಿ ಅವನ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತುವೇ ಕೈತಪ್ಪಿತು. ವರ್ಷ ಮುಳುಗಿತೆಂದು ಅಭಿಮಾನಿಗಳು ತಲೆಯ ಮೇಲೆ ಕೈಹೊತ್ತರು. ತರಬೇತುದಾರ ಡಿಕ್ ವರ್ಮೀಲ್ ಅನ್ಯಮಾರ್ಗವಿಲ್ಲದೆ ವಾರ್ನರನನ್ನು ಮುಂದೆ ನಿಲ್ಲಿಸಿದನು. ಅವನು ಆ ಋತುವಿನಲ್ಲಿ 41 ಟಚ್‌ಡೌನ್ ಎಸೆತಗಳನ್ನು ಎಸೆದನು. ತಂಡ ಹದಿಮೂರು ಪಂದ್ಯಗಳನ್ನು ಗೆದ್ದಿತು. 2000ದ ಜನವರಿ 30ರಂದು ಟೆನ್ನೆಸಿ ತಂಡವನ್ನು 23ಕ್ಕೆ 16ರಿಂದ ಸೋಲಿಸಿ ಸೂಪರ್ ಬೌಲ್ ವಿಜೇತರಾದರು. ಐದು ವರ್ಷಗಳ ಹಿಂದೆ ಅಂಗಡಿಯಲ್ಲಿ ಡಬ್ಬಿ ಜೋಡಿಸುತ್ತಿದ್ದವನು ಆ ವರ್ಷದ ಅತ್ಯುತ್ತಮ ಆಟಗಾರನೆನಿಸಿದನು.

ಪೂರ್ವಸಿದ್ಧತೆಯಲ್ಲಿ ಬಲ್ಲವರು ನೋಡುವುದು ಇಂತಹ ವಿಷಯಗಳನ್ನು. ಎರಡನೆಯ ಸಾಲಿನವನು ಎಷ್ಟು ಸಿದ್ಧನಾಗಿದ್ದಾನೆ? ಕ್ವಾರ್ಟರ್‌ಬ್ಯಾಕಿನ ಮುಂದಿನ ಐದು ಮಂದಿಯ ಗೋಡೆ ಗಟ್ಟಿಯಾಗಿದೆಯೇ? ಹೊಸ ಹುಡುಗನು ಒಂದು ತಪ್ಪು ಮಾಡಿದ ಮೇಲೆ ಮುಂದಿನ ನಡೆಯಲ್ಲಿ ತಿದ್ದಿಕೊಳ್ಳುತ್ತಾನೆಯೇ? ಯಾರು ಗಾಯಗೊಂಡಿದ್ದಾರೆ? ವರ್ಷದ ಎದುರಾಳಿಗಳು ಯಾರು? ಇವುಗಳನ್ನು ಕೇಳುವ ಅಭಿಮಾನಿಯ ಮಾತಿಗೆ ತೂಕವಿದೆ.

ಆಸೆಗೆ ಆಧಾರ

ಎಷ್ಟು ಸಲ ಮೋಸಹೋದರೂ ಅಭಿಮಾನಿಗಳು ಮರುವರ್ಷ ಮತ್ತೆ ಆಸೆಯಿಂದ ಬರುತ್ತಾರೆ. ಇದು ಬರಿಯ ಭ್ರಮೆಯಲ್ಲ. ಒಕ್ಕೂಟದ ನಿಯಮಗಳಲ್ಲಿಯೇ ಆಸೆಗೆ ಆಧಾರವಿದೆ. ಪ್ರತಿವರ್ಷ ಕಾಲೇಜುಗಳಿಂದ ಹೊಸ ಆಟಗಾರರನ್ನು ಆರಿಸುವಾಗ ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ವಿಜೇತ ತಂಡಕ್ಕೆ ಕೊನೆಯ ಸರದಿ. 1994ರಿಂದ ಆಟಗಾರರ ವೇತನಕ್ಕೆ ಎಲ್ಲ ತಂಡಗಳಿಗೂ ಒಂದೇ ಮಿತಿಯನ್ನು ಹಾಕಿದ್ದಾರೆ. ಹಾಗಾಗಿ ಹಣವಂತರ ತಂಡವೊಂದು ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಕೊಳ್ಳುವಂತಿಲ್ಲ. ಸಣ್ಣ ಊರಾದ ಗ್ರೀನ್ ಬೇ ಮಹಾನಗರಗಳ ಸಮಕ್ಕೆ ನಿಂತು ಒಟ್ಟು 13 ಸಲ ವಿಜೇತ ಪಟ್ಟ ಪಡೆದಿದೆ. ಅಷ್ಟು ಸಲ ಗೆದ್ದ ತಂಡ ಇನ್ನೊಂದಿಲ್ಲ. ಈ ಪಟ್ಟಗಳಲ್ಲಿ ಹೆಚ್ಚಿನವು ಹಳೆಯ ಕಾಲದವಾದರೂ ಇಂದಿಗೂ ಆ ಊರು ಒಕ್ಕೂಟದಲ್ಲಿ ಉಳಿದಿರುವುದಕ್ಕೆ ಇಂತಹ ನಿಯಮಗಳ ನೆರವೂ ಕಾರಣ.

ಡೆಟ್ರಾಯಿಟಿನ ಮುಂದಿನ ಕತೆಯನ್ನು ಕೇಳಿ. ಎಲ್ಲವನ್ನೂ ಸೋತ ಕಾರಣ 2009ರಲ್ಲಿ ಮೊದಲ ಸರದಿ ಅವರದಾಯಿತು. ಮ್ಯಾಥ್ಯೂ ಸ್ಟಾಫರ್ಡ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿದರು. ಅವನು ಹನ್ನೆರಡು ವರ್ಷ ದುಡಿದರೂ ಅಂತಿಮ ಸುತ್ತುಗಳಲ್ಲಿ ತಂಡಕ್ಕೆ ಒಂದು ಗೆಲುವೂ ದೊರೆಯಲಿಲ್ಲ. 2021ರಲ್ಲಿ ಅವನನ್ನು ಈಗ ಲಾಸ್ ಏಂಜಲಿಸಿನಲ್ಲಿರುವ ರಾಮ್ಸ್ ತಂಡಕ್ಕೆ ಕೊಟ್ಟು, ಜಾರೆಡ್ ಗಾಫ್ ಎಂಬವನನ್ನು ಪಡೆದರು. 2024ರ ಜನವರಿ 14ರಂದು ಅಂತಿಮ ಸುತ್ತಿನ ಮೊದಲ ಪಂದ್ಯ ಡೆಟ್ರಾಯಿಟಿನಲ್ಲಿ. ಎದುರಾಳಿ ಸ್ಟಾಫರ್ಡನ ರಾಮ್ಸ್! ಲಯನ್ಸ್ 24ಕ್ಕೆ 23ರಿಂದ, ಒಂದೇ ಒಂದು ಅಂಕದಿಂದ ಗೆದ್ದರು. 1992ರ ಜನವರಿಯ ಬಳಿಕ ಅಂತಿಮ ಸುತ್ತುಗಳಲ್ಲಿ ಅವರಿಗೆ ದೊರೆತ ಮೊದಲ ಗೆಲುವು ಅದು. ಮೂವತ್ತೆರಡು ವರ್ಷ! ಹಿಂದಿನ ಗೆಲುವನ್ನು ಮಗುವಾಗಿ ತಂದೆಯ ಹೆಗಲ ಮೇಲಿಂದ ನೋಡಿದವನು ಇದನ್ನು ತನ್ನ ಮಕ್ಕಳೊಂದಿಗೆ ನೋಡಿರಬಹುದು. ಮುಂದಿನ 2024ರ ಋತುವಿನಲ್ಲಿ ಆ ತಂಡ ಹದಿನೇಳರಲ್ಲಿ ಹದಿನೈದು ಪಂದ್ಯಗಳನ್ನು ಗೆದ್ದಿತು.

ನಮಗೆ ಇದರಿಂದೇನು?

ವಿದ್ಯಾರ್ಥಿಗಳೇ, ಹತ್ತನೆಯ ತರಗತಿಯ ಅಂತಿಮ ಪರೀಕ್ಷೆಗೆ ಮುಂಚೆ ನಿಮಗೆ ಮಾದರಿ ಪರೀಕ್ಷೆ ಇರುತ್ತದೆ. ಅದರಲ್ಲಿ ಮೇಲಿನ ಅಂಕ ಬಂದವರು ಇನ್ನು ಚಿಂತೆಯಿಲ್ಲವೆಂದು ಪುಸ್ತಕ ಮುಚ್ಚುವುದುಂಟು. ಅವರು 2008ರ ಡೆಟ್ರಾಯಿಟನ್ನು ಸ್ಮರಿಸಿಕೊಳ್ಳಲಿ. ಕಡಿಮೆ ಬಂದವರು ತಮ್ಮಿಂದಾಗದೆಂದು ಕೈಚೆಲ್ಲುವುದೂ ಉಂಟು. ಅವರು ಕರ್ಟ್ ವಾರ್ನರನನ್ನು ಸ್ಮರಿಸಿಕೊಳ್ಳಲಿ. ಪೂರ್ವಸಿದ್ಧತೆಯ ಪ್ರಯೋಜನ ಅಂಕದಲ್ಲಿಲ್ಲ. ಯಾವ ಪ್ರಶ್ನೆಯಲ್ಲಿ ಎಡವಿದೆ, ಯಾಕೆ ಎಡವಿದೆ ಎಂದು ತಿಳಿದು ತಿದ್ದಿಕೊಳ್ಳುವುದರಲ್ಲಿದೆ.

ಹೆತ್ತವರಲ್ಲಿಯೂ ಒಂದು ವಿನಂತಿ. ಮಾದರಿ ಪರೀಕ್ಷೆಯ ಅಂಕಪಟ್ಟಿಯನ್ನು ಹಿಡಿದು ಮಗುವಿನ ಭವಿಷ್ಯವನ್ನು ಹೇಳಬೇಡಿ. ನೆರೆಮನೆಯ ಹುಡುಗನ ಅಂಕದೊಡನೆ ಹೋಲಿಸಿ ಕೂಗಾಡಬೇಡಿ. ಮೂರು ವರ್ಷ ತಾಳಿದ್ದರೆ ಗ್ರೀನ್ ಬೇ ಜನರಿಗೆ ರಾಜರ್ಸನ ಎದುರು ಕೂಗಾಡಿದ್ದಕ್ಕಾಗಿ ನಾಚಬೇಕಾಗಿ ಬರುತ್ತಿರಲಿಲ್ಲ.

ಬೇಸಿಗೆಯ ಆ ಸೈಕಲುಗಳನ್ನು ಇನ್ನೊಮ್ಮೆ ನೆನೆಯೋಣ. ಸಾಲಿನಲ್ಲಿ ನಿಂತ ಮಕ್ಕಳಿಗೆಲ್ಲ ಹೆಸರಾಂತ ಆಟಗಾರರೇ ಸಿಗುವುದಿಲ್ಲ. ಎಷ್ಟೋ ಮಕ್ಕಳ ಸೈಕಲನ್ನು ಏರುವವನು ಯಾರೂ ಹೆಸರು ಕೇಳಿರದ ಒಬ್ಬ ಹೊಸ ಹುಡುಗ. ತಿಂಗಳು ಕಳೆಯುವಷ್ಟರಲ್ಲಿ ಅವನು ಪಟ್ಟಿಯಿಂದ ಹೊರಬಿದ್ದು ಊರಿಗೆ ಹೋಗಿರಬಹುದು. ಆ 53 ಮಂದಿಯಲ್ಲಿ ನೀನು ಇರುತ್ತೀಯಾ ಎಂದು ಕೇಳಿ ಮಗು ಸೈಕಲು ಕೊಡುವುದಿಲ್ಲ. ಶಿರಸ್ತ್ರಾಣವನ್ನು ಎದೆಗವುಚಿಕೊಂಡು ಸಂತೋಷದಿಂದ ಪಕ್ಕದಲ್ಲಿ ಓಡುತ್ತದೆ. ಸಿದ್ಧತೆಯ ದಿನಗಳಲ್ಲಿ ನಮ್ಮ ಮಕ್ಕಳ ಪಕ್ಕದಲ್ಲಿಯೂ ಹಾಗೆ ಓಡುವವರು ಇದ್ದರೆ ಅವರ ಅರ್ಧ ಭಾರ ಇಳಿಯುತ್ತದೆ.